ಎರಡು ‘ಮೈಸೂರು’, ಒಂದೇ ಹೆಸರು

ಪ್ರಶ್ನೆ: ನನ್ನ ದೊಡ್ಡಪ್ಪ 1971ರ ಯುದ್ಧದ ವೇಳೆ ‘ಐಎನ್‌ಎಸ್ ಮೈಸೂರು’ ನೌಕೆಯಲ್ಲಿದ್ದರು. ಮನೆಯ ಚಾವಡಿಯಲ್ಲಿರುವ ಫೋಟೊದಲ್ಲಿ ಆ ಹಡಗಿನ ಮೇಲೆ ಸಾಲು ಸಾಲು ಫಿರಂಗಿಗಳಿವೆ. ಈಗ ಟಿವಿಯಲ್ಲಿ ತೋರಿಸುವ ‘ಮೈಸೂರಿ’ನಲ್ಲಿ ಮುಂದುಗಡೆ ಒಂದೇ ದೊಡ್ಡ ಫಿರಂಗಿ. ಹಳೆಯದನ್ನೇ ದುರಸ್ತಿ ಮಾಡಿ ಕ್ಷಿಪಣಿ ಜೋಡಿಸಿದರೇ?
– ಓದುಗರು, ಬದಿಯಡ್ಕ

ಉತ್ತರ: ಇಲ್ಲ, ಅವು ಬೇರೆ ಬೇರೆ ಹಡಗುಗಳು. ನಿಮ್ಮ ದೊಡ್ಡಪ್ಪನವರು ಇದ್ದದ್ದು ಕ್ರೂಸರ್ ನೌಕೆಯಲ್ಲಿ, ಅಂದರೆ ಫಿರಂಗಿಗಳನ್ನೇ ಮುಖ್ಯ ಆಯುಧವಾಗಿ ಹೊತ್ತ ದೊಡ್ಡ ಯುದ್ಧನೌಕೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ‘ನೈಜೀರಿಯಾ’ ಎಂಬ ಹೆಸರಿನಲ್ಲಿ ಬ್ರಿಟನ್ ಪರವಾಗಿ ಕಾದಿದ ಹಡಗು ಅದು. ಭಾರತ ಅದನ್ನು ಕೊಂಡು 1957ರ ಆಗಸ್ಟ್‌ನಲ್ಲಿ ‘ಮೈಸೂರು’ ಎಂದು ಸೇವೆಗೆ ಸೇರಿಸಿಕೊಂಡಿತು. ಕಾಸರಗೋಡು ಮೈಸೂರು ರಾಜ್ಯದ ಹೊರಗುಳಿದು ಆಗಿನ್ನೂ ವರ್ಷ ತುಂಬಿರಲಿಲ್ಲ! ನಮ್ಮೂರಿನವರಿಗೆ ರಾಜ್ಯ ಸಿಗದಿದ್ದರೂ ಹಡಗಾದರೂ ಸಿಕ್ಕಿತಲ್ಲ. 1971ರಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳದ ಮುಖ್ಯಸ್ಥರು ಇರುವ ಹಡಗು. 1985ರಲ್ಲಿ ನಿವೃತ್ತಿಯಾಯಿತು.

ಈಗಿನದು ದೆಹಲಿ ವರ್ಗದ ಕ್ಷಿಪಣಿ ವಿಧ್ವಂಸಕ ನೌಕೆ. ಅದಕ್ಕೂ ಮೊದಲು ನಮ್ಮಲ್ಲಿದ್ದ ರಜಪೂತ್ ವರ್ಗದ ಐದೂ ವಿಧ್ವಂಸಕಗಳು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿ ತಂದವು. ದೆಹಲಿ ವರ್ಗದ ಹಡಗುಗಳ ಯೋಜನೆಯಾದ ‘ಪ್ರಾಜೆಕ್ಟ್ 15’ರಲ್ಲಿ ನೌಕಾಪಡೆಯೇ ವಿನ್ಯಾಸಕ್ಕೆ ಕೈಹಾಕಿತು. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ 1987ರಲ್ಲಿ ಮೊದಲ ಹಡಗಿನ ಕೆಲಸ ಶುರುವಾಯಿತು. ಆದರೆ ಆಯುಧ, ಯಂತ್ರಗಳಲ್ಲಿ ಬಹುಪಾಲು ಬರಬೇಕಾದದ್ದು ಸೋವಿಯತ್ತಿನಿಂದ. 1991ರಲ್ಲಿ ಆ ದೇಶವೇ ಒಡೆದುಹೋಯಿತು. ಹೀಗಾಗಿ ‘ದೆಹಲಿ’ ಸೇವೆಗೆ ಬಂದದ್ದು 1997ರ ನವೆಂಬರ್‌ನಲ್ಲಿ. 1993ರಲ್ಲೇ ನೀರಿಗಿಳಿದಿದ್ದ ‘ಮೈಸೂರು’ 1999ರ ಜೂನ್ ತನಕ ಕಾಯಿತು. ‘ಮುಂಬೈ’ 2001ರಲ್ಲಿ ಬಂತು. ವರ್ಗದಲ್ಲಿರುವುದು ಈ ಮೂರೇ.

ಇನ್ನು ಫಿರಂಗಿಯ ವಿಷಯ. ಕ್ರೂಸರ್‌ನಲ್ಲಿ ಆರು ಅಂಗುಲದ ಒಂಬತ್ತು ಫಿರಂಗಿಗಳಿದ್ದವು, ಒಂದೊಂದು ಗೋಪುರದಲ್ಲಿ ಮೂರರಂತೆ. ಅವುಗಳ ಗುಂಡು ಹೆಚ್ಚೆಂದರೆ ಸುಮಾರು 23 ಕಿ.ಮೀ. ಹೋಗುತ್ತಿತ್ತು, ಕಾಸರಗೋಡು ಕಡಲತೀರದಿಂದ ಹಾರಿಸಿದರೆ ಉಪ್ಪಳದ ಆಸುಪಾಸು. ಹೊಸ ‘ಮೈಸೂರಿ’ಗೆ ಅಳವಡಿಸಿದ, ಹಡಗು ಹೊಡೆಯುವ 16 ಉರಾನ್ ಕ್ಷಿಪಣಿಗಳ ವ್ಯಾಪ್ತಿ 130 ಕಿ.ಮೀ., ಅಂದರೆ ಅದೇ ಜಾಗದಿಂದ ಕುಂದಾಪುರ. ಅದೂ ತಾನೇ ಗುರಿ ಹುಡುಕಿಕೊಂಡು, ಅಲೆಗಳಿಗೆ ತಾಗುವಂತೆ ಕೆಳಗೆ ಹಾರುತ್ತದೆ. ಹೀಗಿರುವಾಗ 100 ಮಿ.ಮೀ.ನ ಒಂದು ಫಿರಂಗಿ ಸಾಕಾಗುತ್ತದೆ. ಉಳಿದ ಜಾಗ ವಿಮಾನ ಹೊಡೆಯುವ ಕ್ಷಿಪಣಿಗೆ, ಜಲಾಂತರ್ಗಾಮಿಯನ್ನು ಬೇಟೆಯಾಡುವ ಟಾರ್ಪಿಡೊಗೆ, ಎರಡು ಹೆಲಿಕಾಪ್ಟರ್‌ಗೆ.

ಮೊದಲ ಹಡಗಿಗೇ ಹತ್ತು ವರ್ಷ ಹಿಡಿದ ಈ ಯೋಜನೆಯನ್ನು ಟೀಕಿಸುವವರಿದ್ದಾರೆ. ನನಗೆ ಆ ಟೀಕೆ ಅರ್ಧಸತ್ಯ ಅನ್ನಿಸುತ್ತದೆ. ಯಾಕೆಂದರೆ ಇದೇ ಒಡಲಿನ ವಿನ್ಯಾಸವನ್ನು ತಿದ್ದಿ ಕೋಲ್ಕತ್ತ ವರ್ಗ, ಅದನ್ನು ಮತ್ತೆ ತಿದ್ದಿ ವಿಶಾಖಪಟ್ಟಣ ವರ್ಗ ಬಂದವು.

‘ಮೈಸೂರು’ ಕೂಡ ಸುಮ್ಮನೆ ಕೂತಿಲ್ಲ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದದ್ದು ಇದೇ ನೌಕೆ. ವರ್ಗದ ಹಿರಿಯಣ್ಣ ‘ದೆಹಲಿ’ಯಿಂದ 2022ರ ಏಪ್ರಿಲ್‌ನಲ್ಲಿ ಬ್ರಹ್ಮೋಸ್ ಕ್ಷಿಪಣಿಯನ್ನೂ ಹಾರಿಸಿದ್ದಾರೆ.