ಶುಕ್ರವಾರದ ಮಲ್ಲಿಗೆ ಮತ್ತು ಮನೆಯ ಲೆಕ್ಕ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರ. ನಾನು ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ, ಸಂಬಳ 14,000 ರೂಪಾಯಿ. ಇವರಿಗೆ ಸಣ್ಣ ಅಡಿಕೆ ತೋಟ ಇದೆ. ಮಗಳಿಗೆ 7 ವರ್ಷ. ಶುಕ್ರವಾರ ಕೆಲಸ ಬಿಟ್ಟು ಬರುವಾಗ ಒಂದು ತುಂಡು ಮಲ್ಲಿಗೆ ತೆಗೆದುಕೊಳ್ಳುತ್ತೇನೆ. ತಿಂಗಳಿಗೆ ಎರಡು ಸಲ ಮಗಳ ಜೊತೆ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿನ್ನುತ್ತೇನೆ. ಎಲ್ಲ ಸೇರಿ ತಿಂಗಳಿಗೆ 700 ಆಗಬಹುದು. 'ಹೀಗೆ ಸೋರಿದ್ರೆ ಮಗಳ ಓದಿಗೆ ಏನು ಉಳೀತದೆ' ಅಂತ ಇವರು ಹೇಳುತ್ತಾರೆ. ಹೋದ ಮಳೆಗಾಲದಲ್ಲಿ ನನ್ನ ಬಳೆ ಬ್ಯಾಂಕಿನಲ್ಲಿಟ್ಟು 50,000 ತೆಗೆದಿದ್ದೆವು, ಬಿಡಿಸಿಕೊಂಡದ್ದು ಆರು ತಿಂಗಳು ಕಳೆದು ಅಡಿಕೆ ಕೊಟ್ಟ ಮೇಲೆ. ಅಂದಿನಿಂದ ಈ ಮಾತು ಜಾಸ್ತಿಯಾಗಿದೆ. ಈಗ ಹೂ ತೆಗೆದುಕೊಂಡರೂ ಮನೆ ಹತ್ತಿರ ಬರುವಾಗ ಬ್ಯಾಗಿನೊಳಗೆ ಹಾಕಿಬಿಡುತ್ತೇನೆ. ಇದನ್ನೆಲ್ಲ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಂಗಿ. ಬಿಡಬೇಕಾದದ್ದು ಆ ಹೂವನ್ನು ಬ್ಯಾಗಿನಲ್ಲಿ ಅಡಗಿಸುವ ಅಭ್ಯಾಸವನ್ನು ಮಾತ್ರ. ದುಡಿದು ಬರುವ ಹೆಂಗಸು ತನ್ನ ಮನೆಯ ಅಂಗಳಕ್ಕೆ ಬರುವಾಗ ಮಲ್ಲಿಗೆ ಮುಚ್ಚಿಡುತ್ತಾಳೆ ಅನ್ನುವುದನ್ನು ಓದಿ ನನಗೆ ನಿಜವಾಗಿಯೂ ಬೇಸರ ಆಯ್ತು.

ಆದರೆ ನಿಮ್ಮ ಯಜಮಾನರ ಮಾತನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಲೆಕ್ಕ ಲೆಕ್ಕವೇ. ತಿಂಗಳಿಗೆ 700 ಅಂದರೆ ವರ್ಷಕ್ಕೆ 8,400. ಅದನ್ನೇ ಪೋಸ್ಟಾಫೀಸಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹಾಕಿದರೆ ಐದು ವರ್ಷದಲ್ಲಿ ನೀವು ಹಾಕಿದ್ದು 42,000 ಆಗುತ್ತದೆ. ಶೇಕಡಾ 6.7ರ ಬಡ್ಡಿ ಹಿಡಿದರೆ ಕೈಗೆ ಬರುವುದು ಹತ್ತಿರ ಹತ್ತಿರ 50,000. ಸಣ್ಣ ಮೊತ್ತ ಅಲ್ಲ. ಇಷ್ಟನ್ನು ಒಪ್ಪಿಕೊಂಡೇ ಮಾತಿಗೆ ಕೂರಿ, ಆಗ ಅವರೂ ನಿಮ್ಮ ಮಾತು ಕೇಳುತ್ತಾರೆ.

ಇನ್ನು ಆ ಬಳೆಯ ಕಥೆಗೆ ಬರೋಣ. ನಿಮ್ಮ ಮನೆಯ ನಿಜವಾದ ತೂತು ಇರುವುದು ಅಲ್ಲಿ. ಶೇಕಡಾ 9ರಂತೆ ಹಿಡಿದರೂ 50,000ಕ್ಕೆ ಆರು ತಿಂಗಳಿಗೆ 2,250 ಬಡ್ಡಿ. ನಿಮ್ಮ ಮೂರು ತಿಂಗಳ ಮಲ್ಲಿಗೆ, ದೋಸೆ ಎರಡೂ ಅದರಲ್ಲಿ ಬಂದು ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಆ ಬಡ್ಡಿಯಿಂದ ಯಾರ ಮುಖದಲ್ಲೂ ನಗು ಬರಲಿಲ್ಲ, ಯಾರ ಹೊಟ್ಟೆಗೂ ಏನೂ ಹೋಗಲಿಲ್ಲ, ಆದರೂ ಅದನ್ನು ಯಾರೂ ದುಂದು ಅನ್ನಲಿಲ್ಲ. ಅಲ್ವಾ?

ಬಳೆ ಬ್ಯಾಂಕಿಗೆ ಹೋದದ್ದು ಯಾಕೆ ಅಂತ ನೋಡಿ. ತೋಟದ ಮನೆಗಳಲ್ಲಿ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಅಡಿಕೆ ಕೊಟ್ಟಾಗ ಒಟ್ಟಿಗೆ ಬರುತ್ತದೆ. ಖರ್ಚು ಬರುವುದು ಮಾತ್ರ ಬೇರೆಯೇ ಕಾಲದಲ್ಲಿ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ. ಅದು ಮುಗಿಯುವ ಹೊತ್ತಿಗೆ ಜೂನಿನಲ್ಲಿ ಶಾಲೆ ಶುರು, ಪುಸ್ತಕ, ಕೊಡೆ, ಯೂನಿಫಾರಂ. 40, 45 ದಿನ ಕಳೆದರೆ ಎರಡನೇ ಸಲದ ಬೋರ್ಡೋ, ಅಷ್ಟರಲ್ಲಿ ಜೋರು ಮಳೆಯ ಆಟಿ ತಿಂಗಳು ಬಂದಿರುತ್ತದೆ, ಕೈ ಖಾಲಿ. ಪ್ರತಿ ವರ್ಷ ಇದೇ ತಿಂಗಳು, ಇದೇ ಖರ್ಚು. ಗೊತ್ತಿದ್ದೂ ಗೊತ್ತಿದ್ದೂ ಆ ದುಡ್ಡನ್ನು ಮೊದಲೇ ತೆಗೆದಿಡುವುದಿಲ್ಲ. ಅಡಿಕೆ ಕೊಟ್ಟ ವಾರದಲ್ಲಿ ಮನೆ ಸ್ವಲ್ಪ ಧಾರಾಳವಾಗುತ್ತದೆ, ಆ ಮದುವೆ, ಈ ಗೃಹಪ್ರವೇಶ, ಹೊಸ ಫೋನು ಅಂತ ಸಾವಿರಗಳಲ್ಲಿ ಹೋಗುತ್ತದೆ, ಆಮೇಲೆ ಆಟಿಯಲ್ಲಿ ಹತ್ತು ರೂಪಾಯಿಗೆ ಜಗಳ.

ಹಾಗಾಗಿ ಈ ಸಲ ಅಡಿಕೆ ಕೊಟ್ಟ ದಿನವೇ ಇಬ್ಬರೂ ಕೂತು ಬೋರ್ಡೋ ಖರ್ಚು ಮತ್ತು ಜೂನಿನ ಶಾಲೆ ಖರ್ಚನ್ನು ಬೇರೆ ಖಾತೆಗೆ ಹಾಕಿಬಿಡಿ. ಹೋದ ವರ್ಷ ಎಷ್ಟಾಯ್ತು ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನೀವು ಲೆಕ್ಕ ಬರೆಯುವವರು, ಒಂದು ಹಾಳೆಯಲ್ಲಿ ಬರೆದು ಕೊಡಿ. ಎಟಿಎಂ ಕಾರ್ಡ್ ಇಲ್ಲದ ಖಾತೆಯಾದರೆ ಇನ್ನೂ ಒಳ್ಳೆಯದು.

ಮಗಳ ಓದಿನ ವಿಷಯ. ಅವಳಿಗೆ 10 ತುಂಬಿಲ್ಲ, ಪೋಸ್ಟಾಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ನಡೆಯುತ್ತದೆ, ಹೆಚ್ಚೆಂದರೆ ಒಂದೂವರೆ ಲಕ್ಷ. ಕಟ್ಟುವುದು 15 ವರ್ಷ, ಮುಗಿಯುವುದು ಖಾತೆ ತೆರೆದು 21 ವರ್ಷಕ್ಕೆ. 2024ರ ಜನವರಿಯಲ್ಲಿ ಬಡ್ಡಿ ಶೇಕಡಾ 8.2 ಆಯ್ತು, ಸರಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಹಾಗಾಗಿ ಹೋಗುವಾಗ ಈಗಿನದ್ದು ಕೇಳಿಕೊಳ್ಳಿ. ಹುಡುಗಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ಕ್ಲಾಸು ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಲು ಬಿಡುತ್ತಾರೆ. ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ ಇಲ್ಲಿ ತಿಂಗಳ ಕಂತು ಅಂತ ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಎಷ್ಟು ಸಲ ಬೇಕಾದರೂ ಹಾಕಬಹುದು. ಅಡಿಕೆ ದುಡ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಸಂಬಳದಿಂದ ತಿಂಗಳು ತಿಂಗಳು ಒಂದು ಆರ್‌ಡಿ, ಅವರ ತೋಟದಿಂದ ವರ್ಷಕ್ಕೊಮ್ಮೆ ಸುಕನ್ಯಾ. ಮಗಳ ಓದಿನ ಭಾರ 700 ರೂಪಾಯಿಯ ತಲೆ ಮೇಲಿಂದ ಇಳಿಯುತ್ತದೆ.

ಇದಾದ ಮೇಲೆ ಮಲ್ಲಿಗೆ. ನಿಮಗೊಂದು ಕೈಖರ್ಚು, ಅವರಿಗೊಂದು ಕೈಖರ್ಚು, ಇಬ್ಬರಿಗೂ ಸಮ ಸಮ, 700 ಅಂದರೆ 700. ಅದನ್ನು ಏನು ಮಾಡಿದೆ ಅಂತ ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ. ತಿಂಗಳ ಮಧ್ಯೆ ಮುಗಿದರೆ ಮುಂದಿನ ತಿಂಗಳವರೆಗೆ ಕಾಯಬೇಕು, ಸಾಲ ಇಲ್ಲ. ಅವರು ಪೇಟೆಗೆ ಹೋದಾಗ ಕುಡಿಯುವ ಚಾ, ತಿನ್ನುವ ಪೋಡಿ, ಯಕ್ಷಗಾನ ಆಟ ನೋಡಲು ಹೋದ ರಾತ್ರಿಯ ಖರ್ಚು ಈಗ ಯಾರ ಲೆಕ್ಕದಲ್ಲಿದೆ? ಬಹುಶಃ ಯಾರ ಲೆಕ್ಕದಲ್ಲೂ ಇಲ್ಲ. ಗಂಡಸರ ಸಣ್ಣ ಖುಷಿ ಪೇಟೆಯಲ್ಲೇ ಮುಗಿದು ಹೋಗುತ್ತದೆ, ಹೆಂಗಸರದ್ದು ತಲೆ ಮೇಲೆ ಕೂತು ಮನೆವರೆಗೆ ಬರುತ್ತದೆ, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಅವರ ಚಾ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಎರಡಕ್ಕೂ ಒಂದೇ ಮರ್ಯಾದೆ ಸಿಗಲಿ ಅಂತಷ್ಟೇ.

ನಮ್ಮ ಕಡೆಯ ಅಜ್ಜಿಯಂದಿರು ಹಲಸಿನ ಕಾಲದಲ್ಲಿ ಸೊಳೆಯನ್ನು ಉಪ್ಪಿಗೆ ಹಾಕಿ ಮಳೆಗಾಲಕ್ಕೆ ಭರಣಿ ತುಂಬಿಸುತ್ತಿದ್ದರು, ಅದೇ ದಿನ ಮಕ್ಕಳಿಗೆ ಹಣ್ಣನ್ನೂ ಬಿಡಿಸಿ ಕೊಡುತ್ತಿದ್ದರು. ಇದ್ದ ಹಲಸನ್ನೆಲ್ಲ ಉಪ್ಪಿಗೆ ಹಾಕಿದ ಅಜ್ಜಿ ಯಾರೂ ಇಲ್ಲ.

ಒಂದು ಮಾತು, ಮಲ್ಲಿಗೆ ರೇಟು ದಿನಾ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಹಾರಿ ಹೋಗುತ್ತದೆ. ಆ ವಾರ ಅಬ್ಬಲಿಗೆ ಮುಡಿಯಿರಿ. ಆದರೆ ಮುಡಿದುಕೊಂಡೇ ಮನೆಗೆ ಬನ್ನಿ.

ಪ್ರಶ್ನೆ: ನಾನು ಉಪ್ಪಳದವನು, 24 ವರ್ಷ. ಮಂಗಳೂರಿನಲ್ಲಿ ಕೆಲಸ, ಸೀಸನ್ ಟಿಕೆಟಿನಲ್ಲಿ ರೈಲಿನಲ್ಲಿ ಹೋಗಿ ಬರುತ್ತೇನೆ. ಸಂಬಳ 18,000. ಅಮ್ಮನಿಗೆ 8,000 ಕೊಡಬೇಕು ಅಂತ ಆಸೆ, ಆದರೆ 20ನೇ ತಾರೀಕಿಗೇ ದುಡ್ಡು ಖಾಲಿ, ಕೆಲವೊಮ್ಮೆ ಅಮ್ಮನ ಹತ್ತಿರವೇ ಕೇಳುತ್ತೇನೆ. ದೊಡ್ಡ ಖರ್ಚು ಏನೂ ಮಾಡುವುದಿಲ್ಲ. ಚಾ, ಜ್ಯೂಸು, ಫೋನಿನಲ್ಲಿ ತರಿಸುವ ಬಿರಿಯಾನಿ, ಅಷ್ಟೇ.

ಉತ್ತರ: ಆ 'ಅಷ್ಟೇ' ಎಷ್ಟು ಅಂತ ನಿಮಗೆ ಗೊತ್ತಿಲ್ಲ, ತೊಂದರೆ ಇರುವುದು ಅಲ್ಲೇ ತಮ್ಮಾ. ಹೋದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ರೈಲಿನಲ್ಲಿ ಕೂತು ಒಂದೊಂದಾಗಿ ನೋಡಿ, ತಿನ್ನುವ ಕುಡಿಯುವ ಸಾಲುಗಳಿಗೆಲ್ಲ ಗುರುತು ಹಾಕಿ. ರೈಲು ತಪ್ಪಿ ಬಸ್ಸಿಗೆ ಕೊಟ್ಟ ದುಡ್ಡಿಗೂ ಹಾಕಿ, ಸೀಸನ್ ಟಿಕೆಟ್ ಕೈಯಲ್ಲಿದ್ದೂ ಕೊಟ್ಟ ದುಡ್ಡು ಅದು.

ಆಮೇಲೆ ಸಂಬಳ ಬಂದ ದಿನವೇ ಅಮ್ಮನಿಗೆ 8,000 ಕಳಿಸಿ. ಅದೇ ದಿನ ಆರ್‌ಡಿಗೆ 1,000. ಪೋಸ್ಟಾಫೀಸಿನ ಆರ್‌ಡಿ ತಿಂಗಳಿಗೆ 100ರಿಂದಲೇ ಶುರುವಾಗುತ್ತದೆ. 15ನೇ ತಾರೀಕಿನೊಳಗೆ ಖಾತೆ ತೆರೆದರೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, ತಪ್ಪಿದರೆ 100ಕ್ಕೆ ಒಂದು ರೂಪಾಯಿ ದಂಡ. 12 ಕಂತು ಸರಿಯಾಗಿ ಕಟ್ಟಿದ ಮೇಲೆ ಅರ್ಧದಷ್ಟು ಸಾಲವನ್ನೂ ಅದರ ಮೇಲೆ ಪಡೆಯಬಹುದು, ಅಮ್ಮನ ಹತ್ತಿರ ಕೇಳುವುದು ತಪ್ಪುತ್ತದೆ.

ನಿಮ್ಮ ಚಾ, ಬಿರಿಯಾನಿಗೆ ಫೋನಿನಲ್ಲೇ ಇರುವ ಯುಪಿಐ ಲೈಟ್, ಅಂದರೆ ಸಣ್ಣ ಖರ್ಚಿಗೆ ಮೊದಲೇ ದುಡ್ಡು ತುಂಬಿಸಿಡುವ ಪರ್ಸು, ಒಳ್ಳೆಯ ದಾರಿ. ಅದರಲ್ಲಿ 5,000ದವರೆಗೆ ಇಡಬಹುದು, ನೀವು ತಿಂಗಳ ಮೊದಲಿಗೆ 2,000 ತುಂಬಿಸಿ, ತಿಂಡಿ ತೀರ್ಥದ ಖರ್ಚು ಅದರಿಂದ ಮಾತ್ರ ಮಾಡಿ. ತಾನಾಗಿ ತುಂಬಿಕೊಳ್ಳುವ ಆಟೋ ಟಾಪ್‌ಅಪ್ ಇದ್ದರೆ ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ. 2,000ದಲ್ಲಿ ಮೂರು ಬಿರಿಯಾನಿ ಬೇಕೋ ದಿನಾ ಜ್ಯೂಸು ಬೇಕೋ ನಿಮ್ಮಿಷ್ಟ. ಈ ಪ್ರಾಯದಲ್ಲಿ ಗೆಳೆಯರ ಜೊತೆ ಕೂತು ತಿನ್ನಬೇಕು, ಅದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಅಕ್ಕಾ, ನಾನು ಕುಂಬಳೆಯವಳು. ಇವರು ಗಲ್ಫ್‌ನಲ್ಲಿ, ತಿಂಗಳಿಗೆ 25,000 ಕಳಿಸುತ್ತಾರೆ. ಇಬ್ಬರು ಮಕ್ಕಳು, ಅತ್ತೆ, ನಾನು. ಅಪರೂಪಕ್ಕೆ ಮಕ್ಕಳನ್ನು ಕರಕೊಂಡು ಮಂಗಳೂರಿಗೆ ಹೋಗಿ ಐಸ್‌ಕ್ರೀಂ ತಿಂದು, ಒಂದು ಸೀರೆ ತೆಗೆದುಕೊಂಡು ಬಂದರೆ 'ಮಗ ಅಲ್ಲಿ ಬಿಸಿಲಲ್ಲಿ ಬೇಯುತ್ತಾನೆ' ಅಂತ ಅತ್ತೆ ಹೇಳುತ್ತಾರೆ. ಆಮೇಲೆ ಐಸ್‌ಕ್ರೀಂ ಗಂಟಲಲ್ಲಿ ಇಳಿಯುವುದಿಲ್ಲ. ನೆರೆಮನೆಯವರು ಚಿನ್ನದಂಗಡಿಯ ತಿಂಗಳ ಸ್ಕೀಮಿಗೆ ಸೇರು, ಇಲ್ಲಾ ಅವರ ಪರಿಚಯದವರ ಕುರಿಗೆ (ಚೀಟಿ, ಚಿಟ್ಟಿ ಅಂತಲೂ ಹೇಳುತ್ತಾರೆ) ಸೇರು ಅನ್ನುತ್ತಾರೆ. ಸೇರಬಹುದಾ?

ಉತ್ತರ: ಅತ್ತೆಯ ಮಾತು ಚುಚ್ಚುತ್ತದೆ, ಗೊತ್ತು. ಆದರೆ ಮಗನ ಮೇಲಿನ ಸಂಕಟ ಅದು, ನಿಮ್ಮ ಐಸ್‌ಕ್ರೀಂ ಮೇಲಿನ ಸಿಟ್ಟಲ್ಲ. ಅವರ ಕೈಗೂ ತಿಂಗಳಿಗೆ 500 ಕೊಡಿ, ಎಲೆ ಅಡಿಕೆಗೋ, ದೇವಸ್ಥಾನಕ್ಕೋ, ಮೊಮ್ಮಕ್ಕಳಿಗೆ ಮಿಠಾಯಿಗೋ. ಮಂಗಳೂರಿಗೆ ಹೋಗುವಾಗ ಕರಕೊಂಡೂ ಹೋಗಿ. ತನ್ನ ಖುಷಿಗೆ ಖರ್ಚು ಮಾಡಲು ಯಾವತ್ತೂ ಒಂದು ರೂಪಾಯಿ ಸಿಗದ ಪ್ರಾಯದವರು ಬೇರೆಯವರ ಖುಷಿಯ ಲೆಕ್ಕ ಹಿಡಿಯುತ್ತಾರೆ. ಅದು ಅವರ ತಪ್ಪಲ್ಲ.

ಯಜಮಾನರ ಹತ್ತಿರ ವಿಡಿಯೋ ಕಾಲಿನಲ್ಲಿ ಬಿಚ್ಚಿ ಹೇಳಿ: ಎರಡು ತಿಂಗಳಿಗೊಮ್ಮೆ ಮಂಗಳೂರಿಗೆ ಇಷ್ಟು, ವರ್ಷಕ್ಕೆ ನನಗೆ ಎರಡು ಸೀರೆಗೆ ಇಷ್ಟು. ಹಾಗೆಯೇ ನೀವು ಅಲ್ಲಿ ನಿಮಗಾಗಿ ಎಷ್ಟು ಇಟ್ಟುಕೊಳ್ಳುತ್ತೀರಿ ಅಂತಲೂ ಕೇಳಿ. ನಮ್ಮ ಜಿಲ್ಲೆಯಿಂದ ಹೋದ ಎಷ್ಟೋ ಗಂಡಸರು ಇದ್ದದ್ದೆಲ್ಲ ಊರಿಗೆ ಕಳಿಸಿ ಅಲ್ಲಿ ಊಟದಲ್ಲೇ ಕೈ ಬಿಗಿ ಹಿಡಿಯುತ್ತಾರೆ. ಅವರ ಹೊಟ್ಟೆ ಬಟ್ಟೆಗೆ ಅಂತ ಒಂದು ಮೊತ್ತ ಮೊದಲೇ ನಿಗದಿಯಾಗಲಿ, ಆಗ ಐಸ್‌ಕ್ರೀಂ ನಿಮ್ಮ ಗಂಟಲಲ್ಲೂ ಇಳಿಯುತ್ತದೆ.

ಚಿನ್ನದಂಗಡಿಯ ಸ್ಕೀಮಿಗೆ ನಾನು ಹೂಂ ಅನ್ನಲಾರೆ. ಅಲ್ಲಿ ಕಟ್ಟುವ ದುಡ್ಡು ಬ್ಯಾಂಕಿನ ಠೇವಣಿ ಅಲ್ಲ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ, ಅಂಗಡಿ ಮುಚ್ಚಿದರೆ ಅಂಥದ್ದೇನೂ ಇಲ್ಲ. ಚಿನ್ನದಂಗಡಿಗೆ ದುಡ್ಡು ಹಾಕಿ ಕಳಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಮತ್ತೆ ಆಭರಣದ ಪಣಿಕೂಲಿ (ಮಾಡಿದ ಮಜೂರಿ), ಜಿಎಸ್‌ಟಿ ಎರಡೂ ಮಾರುವಾಗ ವಾಪಸ್ ಬರುವುದಿಲ್ಲ. ಸರ ಬೇಕೇ ಬೇಕು ಅಂತಿದ್ದರೆ ಆರ್‌ಡಿ ಕಟ್ಟಿ, ಮುಗಿದ ಮೇಲೆ ನಿಮಗೆ ಬೇಕಾದ ಅಂಗಡಿಗೆ ಹೋಗಿ ತೆಗೆದುಕೊಳ್ಳಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಎನ್ನುವ ಗುರುತಿನ ನಂಬರು ಕಡ್ಡಾಯ, ಅದನ್ನು ನೋಡಿಯೇ ದುಡ್ಡು ಕೊಡಿ. ಮತ್ತು ಸರವನ್ನು ಪೂರ್ತಿ ಉಳಿತಾಯ ಅಂತ ಬರೆಯಬೇಡಿ. ಮುಕ್ಕಾಲು ಉಳಿತಾಯ, ಕಾಲು ಭಾಗ ನಿಮ್ಮ ಖುಷಿ. ಖುಷಿಯ ಲೆಕ್ಕದಲ್ಲಿ ಬರೆಯಲು ನಾಚಿಕೆ ಯಾಕೆ?

ಕುರಿಯ ವಿಷಯದಲ್ಲಿ ಪರಿಚಯ, ನಂಬಿಕೆ ಅಂತ ಹೋಗಬೇಡಿ. ಬಾಯಿಮಾತಿನ ಕುರಿಗೆ ಕಾನೂನಿನ ಬಲ ಇಲ್ಲ. ಸೇರುವುದಿದ್ದರೆ ನೋಂದಣಿಯಾದದ್ದಕ್ಕೇ ಸೇರಿ, ಕೇರಳ ಸರಕಾರದ್ದೇ ಆದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ 1969ರಿಂದ ಚಿಟ್ಟಿ ನಡೆಸುತ್ತಿದೆ. ಅಲ್ಲೂ ಚಿಟ್ಟಿ ಮೊತ್ತದ ಶೇಕಡಾ 5 ನಡೆಸುವವರ ಕಮಿಷನ್ ಹೋಗುತ್ತದೆ. ಮೊದಮೊದಲ ತಿಂಗಳಲ್ಲೇ ಹರಾಜಿನಲ್ಲಿ ಕೂಗಿ ಹಿಡಿದರೆ ಕೈಗೆ ಬರುವುದು ತುಂಬಾ ಕಮ್ಮಿ, ಅದು ಉಳಿತಾಯ ಅಲ್ಲ, ಸಾಲ. ಮನೆ ರಿಪೇರಿಯಂಥ ಗೊತ್ತಿರುವ ದೊಡ್ಡ ಖರ್ಚು ಮುಂದಿದ್ದರೆ ಮಾತ್ರ ಚಿಟ್ಟಿ ಸರಿ. ಸುಮ್ನೆ ಉಳಿಸಲಿಕ್ಕೆ ಆರ್‌ಡಿ ಸಾಕು, ಜೊತೆಗೆ ಹೆಂಗಸರ ಉಳಿತಾಯ ಗುಂಪಾದ ಕುಟುಂಬಶ್ರೀ ಕೂಟದಲ್ಲಿ ವಾರಕ್ಕೆ ಸ್ವಲ್ಪ ಹಾಕುತ್ತಾ ಬನ್ನಿ, ತುರ್ತಿಗೆ ಅಲ್ಲಿ ಸಾಲವೂ ಹುಟ್ಟುತ್ತದೆ.

ನೀವು ಕೇಳದ ಇನ್ನೊಂದು ವಿಷಯ ಇದೆ. ಅವರು ರಜೆಗೆ ಊರಿಗೆ ಬರುವ ತಿಂಗಳು. ನೆಂಟರ ಮನೆಗಳು, ಉಡುಗೊರೆ, ಕಾರು ಬಾಡಿಗೆ, ದಿನಾ ಕೋಳಿ ಮೀನು, ವರ್ಷವಿಡೀ ಉಳಿಸಿದ್ದು ಆ ಒಂದು ರಜೆಯಲ್ಲಿ ಕರಗುವ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವರು ಬಂದಾಗ ಕೈ ಬಿಗಿ ಹಿಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬಾರದು ಕೂಡ. ಹಾಗಾಗಿ ರಜೆಗೆಂದೇ ಈ ತಿಂಗಳಿನಿಂದ 1,500 ಬೇರೆ ಇಡಿ. ಟಿಕೆಟ್ ಯಾವ ತಿಂಗಳಿಗೆ ಮಾಡಿಸುತ್ತಾರೆ ಅಂತ ಈ ವಾರದ ಕಾಲಿನಲ್ಲೇ ಕೇಳಿ, ಇನ್ನೆಷ್ಟು ತಿಂಗಳು ಇದೆ ಅಂತ ನೋಡಿ ಮೊತ್ತ ಹೆಚ್ಚು ಕಮ್ಮಿ ಮಾಡಿಕೊಳ್ಳಿ.