ಡಿಸ್ಕ್ ಜಾರಿದರೆ ಸ್ಕ್ರೂ ಹಾಕಿಸಲೇಬೇಕಾ?

ಪ್ರಶ್ನೆ: ನನಗೆ 42 ವರ್ಷ. ಎರಡು ತಿಂಗಳಿಂದ ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಸೆಳೆತ. ಎಂಆರ್‌ಐನಲ್ಲಿ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ (ಎಲ್4-ಎಲ್5 ಡಿಸ್ಕ್) ಜಾರಿ ನರ ಒತ್ತುತ್ತಿದೆ ಎಂದು ಬಂದಿದೆ. ಒಬ್ಬ ಡಾಕ್ಟರು ಚಿಕ್ಕ ಆಪರೇಷನ್ ಸಾಕು ಅಂದರು, ಇನ್ನೊಬ್ಬರು ಸ್ಕ್ರೂ, ರಾಡ್ ಹಾಕಬೇಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಇದನ್ನು ಹೇಳಿ, ನೋವು ಕಮ್ಮಿ ಆಗ್ತಾ ಇದೆಯಾ? ಆಗುತ್ತಿದ್ದರೆ ಇನ್ನೂ ಸ್ವಲ್ಪ ಕಾಯಬಹುದು. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ತಾನಾಗೇ ಇಳಿಯುತ್ತದೆ, ಜಾರಿದ ತುಂಡನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ಬರೀ ಎಂಆರ್‌ಐ ರಿಪೋರ್ಟ್ ನೋಡಿ ಹೆದರಬೇಡಿ, ಒಂದು ಚೂರೂ ನೋವಿಲ್ಲದವರ ಬೆನ್ನಲ್ಲೂ ಉಬ್ಬಿದ ಡಿಸ್ಕ್ ಸಿಗುತ್ತದೆ.

ಇಳಿಯದೇ ಇದ್ದರೆ ಮೈಕ್ರೋಡಿಸ್ಕೆಕ್ಟಮಿ, ಅಂದರೆ ಮೊದಲ ಡಾಕ್ಟರು ಹೇಳಿದ ಚಿಕ್ಕ ಆಪರೇಷನ್. 2-3 ಸೆಂ.ಮೀ. ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ನರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದನ್ನು ಒತ್ತುತ್ತಿರುವ ತುಂಡನ್ನಷ್ಟೇ ಕಿತ್ತು ತೆಗೆಯುತ್ತಾರೆ. ಕಾಲಿನ ಸೆಳೆತ ಬೇಗ ಹೋಗುತ್ತದೆ, ಜೋಮು ಹೋಗಲು ತಿಂಗಳುಗಳೇ ಬೇಕಾಗಬಹುದು. ಬೆನ್ನುನೋವು ಹೋಗುತ್ತದೆ ಅಂತ ಮಾತ್ರ ಗ್ಯಾರಂಟಿ ಇಲ್ಲ, ಆಪರೇಷನ್ ಆದಮೇಲೆ ಬೇಜಾರು ಮಾಡಿಕೊಳ್ಳುವವರು ಜಾಸ್ತಿ ಇದಕ್ಕೇ. ಅದೇ ಡಿಸ್ಕ್ ಮತ್ತೆ ಜಾರುವುದೂ ಉಂಟು.

ಸ್ಕ್ರೂ, ರಾಡ್ ಹಾಕಿ ಎರಡು ಮೂಳೆ ಬೆಸೆಯುವುದು ಬೇರೆಯದೇ ತೊಂದರೆಗೆ. ಬೆನ್ನುಮೂಳೆಯ ಒಂದು ಬಿಲ್ಲೆ (ಕಶೇರು) ಇನ್ನೊಂದರ ಮೇಲೆ ಮುಂದಕ್ಕೆ ಜಾರಿದ್ದರೆ, ಅಲುಗಾಡುತ್ತಿದ್ದರೆ ಅದು ಬೇಕು. ಬೆಸೆದ ಜಾಗ ಮತ್ತೆ ಬಾಗುವುದಿಲ್ಲ, ಆ ಭಾರ ಮೇಲಿನ, ಕೆಳಗಿನ ಡಿಸ್ಕಿನ ಮೇಲೆ ಬೀಳುತ್ತದೆ. ಮೊದಲ ಸಲ ಡಿಸ್ಕ್ ಜಾರಿದವರಿಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ. ಹಾಗಾಗಿ ಆ ಎರಡನೇ ಡಾಕ್ಟರನ್ನೇ ನೇರ ಕೇಳಿ: ‘ನನ್ನ ಮೂಳೆ ಅಲುಗಾಡ್ತಾ ಇದೆಯಾ? ಬಗ್ಗಿ, ಹಿಂದಕ್ಕೆ ವಾಲಿ ತೆಗೆಸಿದ ಎಕ್ಸ್‌ರೇಯಲ್ಲಿ ತೋರಿಸ್ತೀರಾ?’ ತೋರಿಸಿದರೆ ಅವರ ಮಾತಿಗೆ ಆಧಾರ ಇದೆ. ಸುಮ್ನೆ ‘ಗಟ್ಟಿ ಇರುತ್ತೆ’ ಅಂದರೆ ಮೂರನೆಯವರನ್ನು ನೋಡಿ. (ಸಿಗರೇಟು ಸೇದುತ್ತೀರಾ? ಮೂಳೆ ಸರಿಯಾಗಿ ಬೆಸೆದುಕೊಳ್ಳುವುದಕ್ಕೆ ಅದು ಅಡ್ಡಿ.)

ಪ್ರಶ್ನೆ: ಅಮ್ಮನಿಗೆ 70. ಸ್ವಲ್ಪ ನಡೆದರೆ ಎರಡೂ ಕಾಲು ಭಾರ, ಕೂತರೆ ಆರಾಮ. ಇದೂ ಡಿಸ್ಕಾ?

ಉತ್ತರ: ನರ ಹಾದುಹೋಗುವ ದಾರಿ ಕಿರಿದಾಗಿರಬಹುದು. ಮುಂದಕ್ಕೆ ಬಗ್ಗಿದರೆ ಹಗುರ ಆಗುತ್ತದಲ್ವಾ? ಕಾಲಿನ ರಕ್ತನಾಳವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಅದು ಕಟ್ಟಿಕೊಂಡರೂ ನಡೆಯುವಾಗ ಹೀಗೇ ಆಗುತ್ತದೆ. ವ್ಯಾಯಾಮ, ಮಾತ್ರೆಗೆ ಬಗ್ಗದಿದ್ದರೆ ಲ್ಯಾಮಿನೆಕ್ಟಮಿ ಮಾಡಿ, ಹಿಂಬದಿಯ ಮೂಳೆ ತೆಗೆದು ನರಕ್ಕೆ ಜಾಗ ಮಾಡಿಕೊಡುತ್ತಾರೆ.

ಇಬ್ಬರಿಗೂ ಒಂದು ಮಾತು: ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲಾಗದೆ ಚಪ್ಪಲಿ ಎಡವುತ್ತಿದ್ದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಎಮರ್ಜೆನ್ಸಿಗೆ ಹೋಗಿ.