ಅಡಾಸ್ ಇದ್ದರೂ ಬ್ರೇಕ್ ನಿಮ್ಮದೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಾಸ್ ಎಂದರೆ ಕ್ಯಾಮೆರಾ, ರಡಾರ್ ಬಳಸಿ ಚಾಲಕರಿಗೆ ನೆರವಾಗುವ ಕಾರಿನ ಸೌಲಭ್ಯಗಳು.

ಪ್ರಶ್ನೆ: ಮೈಸೂರು ಹೆದ್ದಾರಿಯಲ್ಲಿ ಅಡಾಪ್ಟಿವ್ ಕ್ರೂಸ್ (ಮುಂದಿನ ವಾಹನದ ಅಂತರ ನೋಡಿ ತಾನೇ ವೇಗ ಹೊಂದಿಸುವ ಸೌಲಭ್ಯ) ಅನ್ನು 100ಕ್ಕೆ ಇಟ್ಟು ಹೋಗುತ್ತಿದ್ದೆ. ಮುಂದಿದ್ದ ಕಾರು ಥಟ್ಟನೆ ಪಕ್ಕದ ಲೇನಿಗೆ ಸರಿಯಿತು. ಅದರ ಮುಂದೆ ಲಾರಿಯೊಂದು ಕೆಟ್ಟು ನಿಂತಿತ್ತು. ನನ್ನ ಕಾರು ನಿಧಾನವಾಗುವ ಬದಲು ವೇಗ ಹೆಚ್ಚಿಸಿತು! ನಾನೇ ಬ್ರೇಕ್ ತುಳಿದೆ. ಸರ್ವಿಸ್ ಸೆಂಟರ್‌ನವರು ಏನೂ ದೋಷವಿಲ್ಲ ಅನ್ನುತ್ತಾರೆ. ಅಷ್ಟು ದೊಡ್ಡ ಲಾರಿ ರಡಾರ್‌ಗೆ ಕಾಣಲಿಲ್ಲವೇ?
— ರಾಮನಗರದ ಓದುಗರು

ಉತ್ತರ: ಸರ್ವಿಸ್ ಸೆಂಟರ್‌ನವರು ಹೇಳಿದ್ದು ಸರಿಯಿರಬಹುದು. ಲಾರಿಯಿಂದ ರಡಾರ್‌ಗೆ ಪ್ರತಿಧ್ವನಿ ಬಂದೇ ಬರುತ್ತದೆ, ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ರಡಾರ್ ಎದುರಿನ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಹತ್ತಿರವಾಗುತ್ತಿದೆ ಎಂಬುದನ್ನು ಅಳೆಯುತ್ತದೆ. ನೀವು 100ರಲ್ಲಿ ಹೋಗುವಾಗ ರಸ್ತೆ ಮೇಲಿನ ಬೋರ್ಡು, ಮೇಲ್ಸೇತುವೆ, ಡಿವೈಡರ್‌ನ ಕಬ್ಬಿಣದ ಕಂಬಿ ಎಲ್ಲವೂ ನಿಮ್ಮತ್ತ 100ರಲ್ಲೇ ಬರುತ್ತಿರುತ್ತವೆ. ನಿಂತ ಲಾರಿಯೂ ಹಾಗೆಯೇ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಕಾರು ಹೆದ್ದಾರಿಯಲ್ಲಿ ಓಡಿಸಲು ಆಗುವುದಿಲ್ಲ. ಹಾಗಾಗಿ ಚಲಿಸಿದ್ದನ್ನು ಒಮ್ಮೆಯೂ ನೋಡದ, ನಿಂತೇ ಇರುವ ವಸ್ತುವಿಗೆ ಕ್ರೂಸ್ ಕಡಿಮೆ ಬೆಲೆ ಕೊಡುತ್ತದೆ. ‘ಇದು ವಾಹನವೇ’ ಎಂದು ಕ್ಯಾಮೆರಾ ಖಚಿತಪಡಿಸಬೇಕು, ಅದಕ್ಕೆ ಸಮಯ ಬೇಕು. ಮುಂದಿನ ಕಾರು ಸರಿದಾಗ ಲಾರಿ 60 ಮೀಟರ್ ದೂರದಲ್ಲಿತ್ತು ಅಂದುಕೊಳ್ಳಿ. 100ರಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಉಳಿಯುವುದು ಎರಡು ಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಕ್ರೂಸ್‌ಗೆ ತೋರಿದ್ದು ‘ಮುಂದಿನ ಕಾರು ಹೋಯಿತು, ದಾರಿ ಖಾಲಿ’ ಎಂಬುದಷ್ಟೇ.

2018ರ ಜನವರಿಯಲ್ಲಿ ಅಮೆರಿಕದ ಕಲ್ವರ್ ಸಿಟಿಯಲ್ಲಿ ಇದೇ ರೀತಿ ಆಯಿತು. ಆಟೋಪೈಲಟ್ ಎಂಬ ಅಡಾಸ್ ಆನ್ ಇದ್ದ ಟೆಸ್ಲಾ ಕಾರಿನ ಮುಂದಿನ ವಾಹನ ಪಕ್ಕಕ್ಕೆ ಸರಿದ ಕೂಡಲೇ ಟೆಸ್ಲಾ ವೇಗ ಹೆಚ್ಚಿಸಿಕೊಂಡು, ರಸ್ತೆಯಲ್ಲಿ ನಿಂತಿದ್ದ ಅಗ್ನಿಶಾಮಕ ವಾಹನಕ್ಕೆ ಗುದ್ದಿತು. ಡಿಕ್ಕಿಯ ಅಪಾಯ ಕಂಡರೆ ಕಾರು ತಾನೇ ಹಾಕುವ ತುರ್ತು ಬ್ರೇಕ್ ಬೇರೆ ಇದೆಯಲ್ಲ ಎಂದು ನಂಬಿ ಕೂರಬೇಡಿ. ಹೆಚ್ಚಿನ ವೇಗದಲ್ಲಿ ಅದು ಬಹಳ ಸಲ ಡಿಕ್ಕಿಯ ಹೊಡೆತ ತಗ್ಗಿಸುತ್ತದೆ, ಡಿಕ್ಕಿಯನ್ನೇ ತಪ್ಪಿಸುತ್ತದೆ ಎಂಬ ಖಾತರಿಯಿಲ್ಲ.

ನೀವು ಮಾಡಬೇಕಾದ್ದು: ಅಂತರದ ಸೆಟ್ಟಿಂಗ್ ಅತಿ ದೊಡ್ಡದಕ್ಕೆ ಇಡಿ. ನಡುವೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ. ಮುಂದಿನ ಕಾರಿನ ಗಾಜಿನ ಮೂಲಕ, ಅದರ ಪಕ್ಕದಿಂದ, ಅದಕ್ಕೂ ಮುಂದಿನ ವಾಹನಗಳನ್ನು ನೋಡುತ್ತಿರಿ. ಅದು ಇಂಡಿಕೇಟರ್ ಹಾಕಿದರೆ ಅಥವಾ ಲೇನಿನ ಅಂಚಿಗೆ ಜರುಗಿದರೆ ಕೂಡಲೇ ಕಾಲು ಬ್ರೇಕ್ ಮೇಲಿರಲಿ. ಮೀಟರ್‌ನಲ್ಲಿ ಮುಂದಿನ ವಾಹನದ ಪುಟ್ಟ ಚಿತ್ರ ಬರುತ್ತದಲ್ಲ, ಅದನ್ನು ಆಗಾಗ ಗಮನಿಸಿ. ರಸ್ತೆಯಲ್ಲಿ ವಾಹನವಿದ್ದು ಮೀಟರ್‌ನಲ್ಲಿ ಚಿತ್ರ ಇಲ್ಲವೆಂದರೆ ನಿಮ್ಮ ಕಾರು ಅದನ್ನು ನೋಡಿಲ್ಲ. ಕಾರು ತಾನಾಗಿ ನೋಡೀತೇ ಎಂದು ಕಾಯದೆ ಬ್ರೇಕ್ ಒತ್ತಿ. ಇನ್ನೊಂದು ಮಾತು: ಕ್ರೂಸ್ ಚಾಲನೆಯಲ್ಲಿರುವಾಗ ಬಲಗಾಲನ್ನು ಆಕ್ಸಲರೇಟರ್ ಮೇಲೆ ಇರಿಸಿ ಕೂರಬೇಡಿ. ಸ್ವಲ್ಪ ಒತ್ತಿದರೂ ‘ಚಾಲಕರೇ ವೇಗ ಕೇಳುತ್ತಿದ್ದಾರೆ’ ಎಂದುಕೊಂಡು ಕ್ರೂಸ್ ಬ್ರೇಕ್ ಹಾಕುವುದನ್ನು ಬಿಡುತ್ತದೆ.

ಪ್ರಶ್ನೆ: ಕಬ್ಬಿನ ಕಾಲ. ಸಂಜೆಯಾದರೆ ರಸ್ತೆ ತುಂಬಾ ಟ್ರ್ಯಾಕ್ಟರ್. ರಾತ್ರಿ ತುರ್ತು ಬ್ರೇಕ್ ಅವನ್ನು ಗುರುತಿಸುತ್ತದೆಯೇ?
— ಮಂಡ್ಯದ ಓದುಗರು

ಉತ್ತರ: ನಂಬಬೇಡಿ. ಕ್ಯಾಮೆರಾಕ್ಕೆ ಕಲಿಸಿರುವುದು ವಾಹನದ ಹಿಂಭಾಗದ ರೂಪ: ಎರಡು ದೀಪ, ನಂಬರ್ ಪ್ಲೇಟ್, ನೆಟ್ಟಗಿನ ಅಂಚುಗಳು. ಕಬ್ಬು ಹೇರಿದ ಟ್ರೈಲರ್‌ನಲ್ಲಿ ಇವು ಮೂರೂ ಮುಚ್ಚಿಹೋಗಿರುತ್ತವೆ. ರಡಾರ್‌ಗೆ ಚೆನ್ನಾಗಿ ಸಿಗುವುದು ಲೋಹ, ಅಂದರೆ ಟ್ರೈಲರ್‌ನ ಚಾಸಿ ಮತ್ತು ಆಕ್ಸಲ್. ಹಿಂದಕ್ಕೆ ಚಾಚಿಕೊಂಡಿರುವ ಜಲ್ಲೆಯ ತುದಿ ಅದಕ್ಕಿಂತ ಎಷ್ಟೋ ಅಡಿ ಈಚೆ, ನಿಮ್ಮ ಗಾಜಿನ ಮಟ್ಟದಲ್ಲೇ ಇರುತ್ತದೆ.

ಇಲ್ಲಿ ನಿಮ್ಮನ್ನು ಕಾಯುವುದು ವೇಗದ ಲೆಕ್ಕ. ಲೋ ಬೀಮ್‌ನಲ್ಲಿ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 50 ಮೀಟರ್ ಆಸುಪಾಸು. 80ರಲ್ಲಿ ಹೋಗುವಾಗ ಬ್ರೇಕ್‌ಗೆ ಕಾಲು ಹೋಗುವಷ್ಟರಲ್ಲಿ, ಒಂದೂವರೆ ಸೆಕೆಂಡ್ ಎಂದರೂ, 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 35 ಮೀಟರ್ ಬೇಕು. ಒಟ್ಟು 68. ಕಾಣುವುದಕ್ಕಿಂತ ನಿಲ್ಲುವ ದೂರವೇ ಹೆಚ್ಚು. 60ಕ್ಕೆ ಇಳಿಸಿದರೆ ಒಟ್ಟು 45 ಮೀಟರ್‌ನಲ್ಲಿ ನಿಲ್ಲುತ್ತೀರಿ. ಎದುರಿಗೆ ವಾಹನ ಇಲ್ಲದಾಗ ಹೈ ಬೀಮ್ ಹಾಕಿ. ಕ್ರೂಸ್ ಆಫ್ ಮಾಡಿ. ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿದ್ದರೆ ಬಿಳಿ ಗೆರೆಯೇ ಕಾಣದು, ಗೆರೆ ನೋಡಿ ಕಾರನ್ನು ಲೇನಿನೊಳಗೆ ಇಡುವ ಲೇನ್ ಅಸಿಸ್ಟ್ ಕೂಡ ಆಗ ಉಪಯೋಗಕ್ಕೆ ಬಾರದು. ದನ, ನಾಯಿ, ಬಣ್ಣ ಬಳಿಯದ ಹಂಪು, ಇವುಗಳ ಜವಾಬ್ದಾರಿ ಪೂರ್ತಿ ನಿಮ್ಮದು.

ಪ್ರಶ್ನೆ: ಕಲ್ಲು ಬಡಿದು ಮುಂದಿನ ಗಾಜು ಬದಲಾಯಿಸಿದೆವು. ಆಮೇಲೆ ಲೇನ್ ಅಸಿಸ್ಟ್ ಕಾರನ್ನು ಎಡಕ್ಕೆ ಎಳೆಯುತ್ತಿದೆ.
— ದಾವಣಗೆರೆಯ ಓದುಗರು

ಉತ್ತರ: ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾದ ಕೋನ ಸರಿಹೊಂದಿಸುವ ಕೆಲಸ, ಮಾಡದೆ ಗಾಡಿ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಕ್ಯಾಮೆರಾ ಕೂತಿರುವುದು ಒಳಗನ್ನಡಿಯ ಹಿಂದೆ, ಗಾಜಿಗೆ ಅಂಟಿಸಿದ ಬ್ರಾಕೆಟ್‌ನಲ್ಲಿ. ಅದು ಒಂದೇ ಒಂದು ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಲೆಕ್ಕ 1.75 ಮೀಟರ್ ತಪ್ಪುತ್ತದೆ. ಹೆದ್ದಾರಿಯ ಲೇನ್ ಅಗಲ 3.5 ಮೀಟರ್, ಅಂದರೆ ಅರ್ಧ ಲೇನ್! ಸರಿಪಡಿಸುವವರೆಗೆ ಲೇನ್ ಅಸಿಸ್ಟ್, ಕ್ರೂಸ್ ಎರಡನ್ನೂ ಬಳಸಬೇಡಿ.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕ್ಯಾಮೆರಾ ಕ್ಯಾಲಿಬ್ರೇಶನ್ ಕೇಳಿ. ಕೆಲವು ಕಾರಿಗೆ ಸಮತಟ್ಟು ನೆಲದಲ್ಲಿ ಅಳತೆ ಮಾಡಿ ಟಾರ್ಗೆಟ್ ಬೋರ್ಡ್ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಸ್ಕ್ಯಾನರ್ ಜೋಡಿಸಿ ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಓಡಿಸಬೇಕು. ಮೊದಲು ಟೈರಿನ ಗಾಳಿ, ವೀಲ್ ಅಲೈನ್‌ಮೆಂಟ್ ಸರಿಯಿರಲಿ, ಸಾಮಾನು ಇಡುವ ಡಿಕ್ಕಿ (ಬೂಟ್) ಖಾಲಿಯಿರಲಿ. ಮುಗಿದ ಮೇಲೆ ರಿಪೋರ್ಟಿನ ಪ್ರಿಂಟ್ ತೆಗೆದುಕೊಳ್ಳಿ. ಹೊಸ ಗಾಜಿಗೆ ಫಾಸ್ಟ್ಯಾಗ್ ಅಂಟಿಸುವಾಗ ಕ್ಯಾಮೆರಾದ ಎದುರಿನ ಜಾಗ ಬಿಡಿ, ಅದರ ಮೇಲೆ ಸನ್ ಫಿಲ್ಮ್ ಕೂಡ ಬೇಡ. ಮುಂದಿನ ಬಂಪರ್‌ಗೆ ಗಾರ್ಡ್ ಹಾಕಿಸಿದ್ದರೆ ತೆಗೆಸಿ. ಕಾನೂನಿಗೂ ಅದು ಒಪ್ಪುವುದಿಲ್ಲ, ರಡಾರ್‌ಗೂ ಅಡ್ಡ.

ಪ್ರಶ್ನೆ: ನಮ್ಮ ಯಜಮಾನರು ಹೆದ್ದಾರಿಯಲ್ಲಿ ಸ್ಟಿಯರಿಂಗ್‌ಗೆ ನೀರಿನ ಬಾಟಲಿ ಸಿಕ್ಕಿಸಿ ಕೈ ಬಿಟ್ಟು ಕೂರುತ್ತಾರೆ. ‘ಕಣ್ಣು ರಸ್ತೆ ಮೇಲೇ ಇದೆಯಲ್ಲ’ ಅನ್ನುತ್ತಾರೆ. ಇದು ಸರಿಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಇವತ್ತೇ ನಿಲ್ಲಿಸಿ ಎಂದು ಅವರಿಗೆ ಹೇಳಿ. ಬಹಳ ಕಾರುಗಳಲ್ಲಿ ಸ್ಟಿಯರಿಂಗ್ ಮೇಲೆ ಬೀಳುವ ಸಣ್ಣ ತಿರುಚುವ ಬಲವನ್ನು ಅಳೆದು ಕೈ ಇದೆಯೋ ಇಲ್ಲವೋ ಎಂದು ಕಾರು ತಿಳಿಯುತ್ತದೆ. ಬಾಟಲಿಯ ತೂಕ ಆ ಸೆನ್ಸರ್‌ಗೆ ಮೋಸ ಮಾಡುತ್ತದೆ, ಎಚ್ಚರಿಸುವ ಗಂಟೆ ಬಾಯಿ ಮುಚ್ಚುತ್ತದೆ. ಗೆರೆ ಅಳಿಸಿದ ಜಾಗದಲ್ಲಿ ಲೇನ್ ಅಸಿಸ್ಟ್ ಕೈಬಿಟ್ಟಾಗ ಮೀಟರ್‌ನಲ್ಲಿ ಹಸಿರಿದ್ದ ಚಿಹ್ನೆ ಬಣ್ಣ ಬದಲಿಸುತ್ತದೆ, ಹಲವು ಕಾರುಗಳಲ್ಲಿ ಅಷ್ಟೇ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಬಾಟಲಿ ಮುಖಕ್ಕೇ ಬಡಿಯುತ್ತದೆ. ಇಲ್ಲಿ ಮಾರಾಟವಾಗುವ ಇಂಥ ಕಾರುಗಳು ಹೆಚ್ಚೆಂದರೆ ಲೆವೆಲ್ 2, ಅಂದರೆ ಕಾರು ನೆರವಾಗುತ್ತದೆ, ಓಡಿಸುವವರು ಚಾಲಕರೇ. ಅಪಘಾತವಾದರೆ ಹೊಣೆ ಚಾಲಕರದ್ದೇ.

‘ಕಣ್ಣು ರಸ್ತೆ ಮೇಲಿದೆ’ ಎಂಬುದೂ ಹೆಚ್ಚು ಹೊತ್ತು ನಡೆಯದು. ಏನೂ ಮಾಡದೆ ಬರೀ ಕಾವಲು ಕಾಯುವಾಗ ಮನುಷ್ಯರ ಗಮನ ಅರ್ಧ ಗಂಟೆಯಲ್ಲೇ ಕುಸಿಯುತ್ತದೆ ಎಂದು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪ್ರಾಯೋಗಿಕ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಬಲಿ ತೆಗೆದುಕೊಂಡಿತು. ಕಾವಲಿಗೆಂದೇ ಸೀಟಿನಲ್ಲಿ ಕೂತಿದ್ದವರ ಕಣ್ಣು ಆಗ ಮೊಬೈಲ್ ಮೇಲಿತ್ತು.

ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಅರ್ಧ ಗಂಟೆ ಲೇನ್ ಅಸಿಸ್ಟ್ ಬಳಸಿದರೆ ಹತ್ತು ನಿಮಿಷ ಆಫ್ ಮಾಡಿ ತಾವೇ ಓಡಿಸಲಿ. ಮೊಬೈಲ್ ಗ್ಲೋವ್ ಬಾಕ್ಸಿನೊಳಗೆ ಹೋಗಲಿ. ಮಂಪರು ಬಂದಂತಾದರೆ ಕಂಡದ್ದನ್ನು ಬಾಯಿ ಬಿಟ್ಟು ಹೇಳಲಿ: ‘ಎಡಕ್ಕೆ ಬಸ್ ನಿಂತಿದೆ, ಬೈಕ್ ಅಡ್ಡ ಬರಬಹುದು.’ ಪಕ್ಕದಲ್ಲಿರುವ ನೀವೂ ಜೊತೆಗೂಡಿ. ದಣಿವಿನ ಎಚ್ಚರಿಕೆಯಾಗಿ ಮೀಟರ್‌ನಲ್ಲಿ ಕಾಫಿ ಕಪ್ಪಿನ ಚಿಹ್ನೆ ಬರುವವರೆಗೆ ಕಾಯಬೇಡಿ. ಅದು ಬರುವ ವೇಳೆಗೆ ದಣಿವು ಸಾಕಷ್ಟು ಏರಿರುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಇಳಿದು ಓಡಾಡಿ.

ಪ್ರಶ್ನೆ: ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಅಡಾಸ್ ಬಳಸಬಹುದೇ?
— ಮಂಗಳೂರಿನ ಓದುಗರು

ಉತ್ತರ: ಕ್ರೂಸ್, ಲೇನ್ ಅಸಿಸ್ಟ್ ಎರಡೂ ಬೇಡ. ಹೇರ್‌ಪಿನ್ ತಿರುವಿನಲ್ಲಿ ಮುಂದಿನ ವಾಹನ ರಡಾರ್‌ನ ವ್ಯಾಪ್ತಿಯಿಂದ ಆಚೆ ಹೋಗುತ್ತದೆ, ಕಾರು ದಾರಿ ಖಾಲಿ ಎಂದುಕೊಂಡು ವೇಗ ಹೆಚ್ಚಿಸುತ್ತದೆ. ಇಳಿಜಾರಿನಲ್ಲಿ ಕ್ರೂಸ್ ಬ್ರೇಕನ್ನೇ ಹಿಡಿಯುತ್ತ ಹೋದರೆ ಬ್ರೇಕ್ ಬಿಸಿಯೇರುತ್ತದೆ. ಎರಡನೇ ಗೇರಿಗೆ ಇಳಿಸಿ ಎಂಜಿನ್ ಬ್ರೇಕಿಂಗ್‌ನಲ್ಲೇ ಇಳಿಯಿರಿ. ಆಟೊಮ್ಯಾಟಿಕ್ ಕಾರಾದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ. ತುರ್ತು ಬ್ರೇಕ್ ಮತ್ತು ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಬದಿ) ಎಚ್ಚರಿಕೆ ಆನ್ ಇರಲಿ. ಮಂಜು ಕವಿದಾಗ ಮೀಟರ್‌ನಲ್ಲಿ ‘ಕ್ಯಾಮೆರಾ ಮುಚ್ಚಿದೆ’ ಎಂಬ ಸಂದೇಶ ಬಂದರೆ ಕ್ಯಾಮೆರಾ ನಂಬಿಕೊಂಡಿರುವ ಸೌಲಭ್ಯಗಳು ಆಗ ಕೆಲಸ ಮಾಡುತ್ತಿಲ್ಲ ಎಂದು ತಿಳಿದು, ಲೋ ಬೀಮ್‌ನಲ್ಲಿ, ಎಡಬದಿ ಹಿಡಿದು ನಿಧಾನವಾಗಿ ಸಾಗಿ.